ಒಂದೇ ಬೆಡಗಿನ ಮಾತುಗಳು

ನಮ್ಮ ಮೈದುನ ಪಕ್ಕೀರಪ್ಪನಿಗೆ ಮೀಸೆ ಬಲಿಯುವ ಮೊದಲೇ ಕನ್ನಡಕ ಬಂದಿತ್ತು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನು ಚಡ್ಡಿ ಹಾಕುವ ಹುಡುಗ. ಹತ್ತನೇತ್ತೆ ಲೆಕ್ಕದಲ್ಲಿ ಫೇಲಾಗಿ, ಮತ್ತೆ ಕಟ್ಟಿ ಮತ್ತೆ ಫೇಲಾಗಿ, ಕಾನಹೊಸಹಳ್ಳಿ ಬಸ್‌ಸ್ಟ್ಯಾಂಡ್ ಹತ್ತಿರ ಸಾಬರ ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕುವ ಕೆಲಸಕ್ಕೆ ನಿಂತ. ಅಂಗಡಿಯಲ್ಲಿ ಕೂತಾಗಲೂ ಕೈಯಲ್ಲಿ ಏನಾದರೂ ಓದುವುದು ಇರಲೇಬೇಕು. ಮಿರ್ಚಿ ಕಟ್ಟಿಕೊಟ್ಟ ಪೇಪರಾದರೂ ಸರಿ, ಎಣ್ಣೆ ಒರೆಸಿ ಓದುತ್ತಿದ್ದ.

ತೊಂಬತ್ತಮೂರರ ಸುಮಾರಿಗೆ ನಮ್ಮ ಕಡೆ ಊರೂರಿಗೆ ಅಕ್ಷರ ಕಲಿಸುವ ಕೆಲಸ ಶುರುವಾಯಿತು. ಓದು ಬಂದ ಹುಡುಗರನ್ನು ಆರಿಸಿ ಕೂಡ್ಲಿಗಿಗೆ ಕರೆದು ತರಬೇತಿ ಕೊಟ್ಟರು. ನಮ್ಮೂರಿಂದ ಪಕ್ಕೀರಪ್ಪ ಹೋದ. ಅಂಗಡಿ ಮುಗಿಸಿ, ಹೊತ್ತು ಇಳಿದ ಮೇಲೆ, ಹನುಮಪ್ಪನ ಗುಡಿ ಕಟ್ಟೆ ಮೇಲೆ ಹೆಂಗಸರನ್ನು ಕೂರಿಸಿ ಕಲಿಸುತ್ತಿದ್ದ. ನಾನು ನಾಲ್ಕು ಅಕ್ಷರ ಕಲಿತದ್ದು ಅಲ್ಲಿಯೇ. ಅದಕ್ಕೆ ಮೊದಲು ಬಸ್ಸಿನ ಬೋರ್ಡನ್ನು ಅದರ ಬಣ್ಣದ ಮೇಲೆ ಗುರುತು ಹಿಡಿಯುತ್ತಿದ್ದೆ.

ಅಕ್ಷರ ಹೆಂಗೋ ಬಂದವು, ಮಾತು ಬರಲಿಲ್ಲ. ಒಂದು ಮಾತು ಕೂಡಿಸಿ ಓದುವಷ್ಟರಲ್ಲಿ ಹಿಂದಿನದು ಮರೆತು ಹೋಗುತ್ತಿತ್ತು. ತರಬೇತಿಯಲ್ಲಿ ಅವನಿಗೆ ಹೇಳಿಕೊಟ್ಟಿದ್ದರು: ಮಾತಿಗೆ ಧಾತು ಅಂತ ಒಂದು ಇರುತ್ತದೆ, ಅದರಿಂದ ಹುಟ್ಟಿದ್ದಕ್ಕೆ ಸಾಧಿತ ಪದ ಅನ್ನುತ್ತಾರೆ, ಹಂಗೆ ಗುಂಪು ಮಾಡಿ ಕಲಿಸಿದರೆ ಬೇಗ ಹತ್ತುತ್ತದೆ ಅಂತ. ಅವನು ಅದನ್ನೇ ಬಂದು ಹೇಳಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

"ಪಕ್ಕೀರಪ್ಪ, ಆ ಮಾತು ಹೇಳಾಕನ ನನ್ನ ಹಲ್ಲು ಬಿದ್ದು ಹೋಕ್ಕಾವ. ಹಗೂರ ಇರೋದು ಹೇಳು," ಅಂದಳು ಸೂಲಗಿತ್ತಿ ಸುಂಕಮ್ಮ.

ಅವನು ಸೀಮೆಸುಣ್ಣ ಕೆಳಗಿಟ್ಟ. ಆಮೇಲೆ ಕೇಳಿದ. "ಅಕ್ಕಾರ, ನಿಮ್ಮನಿಗೆ ಹೆಣ್ಣು ಕೇಳಾಕ ಬಂದ್ರ ಮೊದಲ ಏನು ಕೇಳ್ತೀರಿ?"

"ಬೆಡಗು ಕೇಳ್ತೀವಿ, ಯಾವ ಕುಲದೋರು ಅಂತ," ಅಂದೆವು ಎಲ್ಲರೂ.

"ಯಾಕ?"

"ಒಂದ ಬೆಡಗು ಆದ್ರ ಅಣ್ಣ-ತಂಗಿ ಆಕ್ಕಾರ. ಕೊಡಂಗಿಲ್ಲ, ತರಂಗಿಲ್ಲ."

"ಬ್ಯಾರೆ ಬ್ಯಾರೆ ಊರಾಗ ಇದ್ರ?"

"ಯಾವ ಊರಾಗ ಇದ್ರೇನು, ಬೇರು ಒಂದ ಅಲ್ಲೇನು."

"ಮಾತಿಗೂ ಹಂಗ ಬೆಡಗು ಐತಿ ನೋಡ್ರಿ. ನಡಿ ಅನ್ನೋದು ಹಿರಿ ತಲಿ. ನಡಿಗಿ, ನಡತಿ, ನಡಸೋದು, ಇವೆಲ್ಲ ಅದರ ಮಕ್ಕಳು ಮೊಮ್ಮಕ್ಕಳು. ಮುಖ ಬ್ಯಾರೆ, ಬೇರು ಒಂದ. ಎಷ್ಟು ದೂರ ಹೋದ್ರೂ ಬೇರು ಬಿಡಂಗಿಲ್ಲ. ಹಿರೇರನ್ನ ಗುರುತು ಹಿಡಿದ್ರಿ ಅಂದ್ರ ಮಕ್ಕಳನ್ನ ಗುರುತು ಹಿಡಿಯೋದು ಕಷ್ಟಲ್ಲ."

ಆಗ ಮೈಲಮ್ಮ, ನಮ್ಮ ಓಣಿಯವಳು, ಬಾಯಿಗೆ ಬೀಗವಿಲ್ಲದವಳು, ಕೈ ಎತ್ತಿದಳು. "ಹಂಗಾರ ಕುಡಿಯೋದು, ಕುಡಿತ, ಕುಡುಕ, ಇವು ಒಂದ ಬೆಡಗು?"

"ಹೌದ್ರಿ ಮೈಲಮ್ಮಕ್ಕ."

"ಅಷ್ಟೂ ನಮ್ಮನ್ಯಾಗ ಅದಾವ ಬಿಡು. ಹೊರಗಿಂದ ತರೋದೇನೂ ಇಲ್ಲ."

"ಕಾಡೋದು, ಕಾಟ?" ಅಂತ ಇನ್ನೊಬ್ಬಳು.

"ನಿಮ್ಮತ್ತಿ ಅಲ್ಲೇ ಬಾಗಲಾಗ ಕುಂತಾಳ, ಮೆಲ್ಲಕ ಅನ್ನು," ಅಂದಳು ಸುಂಕಮ್ಮ.

ಅವತ್ತಿನಿಂದ ಕಲಿಕೆ ಸರಸರ ಸಾಗಿತು. ಓಡು ಓಟ, ನೋಡು ನೋಟ, ಬಾಳು ಬಾಳುವೆ ಬಾಳಿಕೆ. ರೊಟ್ಟಿ ಬಡಿಯುವಾಗ, ಶೇಂಗಾ ಬಿಡಿಸುವಾಗ ನಾವು ನಾವೇ ಬೆಡಗು ಕೂಡಿಸುತ್ತಿದ್ದೆವು. ಮೋಸದ ಮಾತನ್ನೂ ಕೊಡುತ್ತಿದ್ದ. "ಹಾಲು, ಹಾಳು, ನೋಡಾಕ ಅಕ್ಕ-ತಂಗಿ ಕಂಡಂಗ ಕಾಣ್ತಾವ, ಸಂಬಂಧ ಇಲ್ಲ," ಅನ್ನುತ್ತಿದ್ದ. ತರಬೇತಿ ಕೊಟ್ಟವರು ಒಂದು ದಿನ ನೋಡಲಿಕ್ಕೆ ಬಂದಾಗ ಈ ಮಾತಿನ ಗುಂಪಿಗೆ ಏನನ್ನುತ್ತೀರಿ ಅಂತ ಕೇಳಿದರು. ಎಲ್ಲರೂ ಒಂದೇ ಬಾಯಲ್ಲಿ ಬೆಡಗು ಅಂದೆವು. ಅವರು ನಕ್ಕು, ಇದು ನಮ್ಮ ಪುಸ್ತಕದ ಹೆಸರಿಗಿಂತ ಚಲೋ ಐತಿ ಅಂದರು. ಕಟ್ಟೆಯ ಆ ತುದಿಗೆ ನಮ್ಮ ಜನದ ಯಜಮಾನ ಎರ್ರೆಪ್ಪಜ್ಜ ಎಲೆ ಅಡಿಕೆ ಜಗಿಯುತ್ತ ದಿನಾ ಕೂತಿರುತ್ತಿದ್ದ. ಅವನೂ ತಲೆದೂಗಿ, "ಹುಡುಗ ಶಾಣ್ಯಾ ಅದಾನ," ಅಂದ. ಆವತ್ತು ನಮ್ಮತ್ತೆ ಮಗನಿಗೆ ದೃಷ್ಟಿ ತೆಗೆದಳು.

ಮರುವರ್ಷ ಅವನ ಲಗ್ನ ಮಾಡಿದೆವು. ಹೆಣ್ಣು ಹರಪನಹಳ್ಳಿ ಆಚೆಯ ಒಂದು ಸಣ್ಣ ಊರಿನವಳು, ಬೊಮ್ಮಮ್ಮ. ಕಪ್ಪಗೆ, ಎತ್ತರಕ್ಕೆ, ಮಾತಿನ ಕೊನೆಗೆ ದಾವಣಗೆರೆ ಕಡೆಯ ಎಳೆತ. ಹೆಣ್ಣು ನೋಡಲು ಹೋದಾಗ ನಮ್ಮ ಮನೆಯವರು, ಪಕ್ಕೀರಪ್ಪನ ಅಣ್ಣ, ಬೆಡಗು ಕೇಳಿದರು. ಅವರು ದಂಡಿನೋರು ಅಂದರು. ನಮ್ಮದು ಎಕ್ಕಿಯೋರ ಬೆಡಗು. ದಂಡು ಬೇರೆ, ಎಕ್ಕೆ ಬೇರೆ. ಎಲೆ ಅಡಿಕೆ ಬದಲಾಯಿಸಿಕೊಂಡು ಬಂದೆವು. ಬೆಡಗಿನ ಹೆಸರು ಕೇಳಿದರು, ಅವರು ಏನನ್ನು ಮುಟ್ಟುವುದಿಲ್ಲ ಅಂತ ಕೇಳಲಿಲ್ಲ. ಯಾರೂ ಕೇಳುತ್ತಿರಲಿಲ್ಲ.

ಎಕ್ಕಿಯೋರು ಅಂದರೆ ನಾವು ಎಕ್ಕೆ ಗಿಡ ಮುರಿಯುವುದಿಲ್ಲ. ಅದರ ಎಲೆ ಹೂವು ಮುಟ್ಟುವುದಿಲ್ಲ. ಹನುಮಪ್ಪನಿಗೆ ಊರವರೆಲ್ಲ ಶನಿವಾರ ಎಕ್ಕೆ ಎಲೆಯ ಹಾರ ಹಾಕಿದರೆ ನಾವು ವೀಳ್ಯದೆಲೆಯದು ಹಾಕಿ ಕೈ ಮುಗಿಯುತ್ತೇವೆ. ಹೊರಗಿಂದ ಬಂದ ಸೊಸೆಯರಿಗೆ ಮೊದಲ ಶನಿವಾರ ಅತ್ತೆ ಗುಡಿಯಲ್ಲಿ ಇದನ್ನು ಹೇಳಬೇಕು. ನನಗೂ ಹಂಗೇ ಹೇಳಿದ್ದರು. ತವರಿನಲ್ಲಿ ನಾನು ಎಕ್ಕೆ ಮೊಗ್ಗು ಚಟಚಟ ಒಡೆದು ಆಡಿದವಳು, ರೂಢಿಯಾಗಲು ದಿನ ಹಿಡಿಯಿತು.

ಬೊಮ್ಮಮ್ಮನ ಮೊದಲ ಶನಿವಾರ ನಮ್ಮತ್ತೆ, ನಾನು, ಅವಳು ಗುಡಿಗೆ ಹೋದೆವು. ಮೈಲಮ್ಮ ಮತ್ತು ನಾಲ್ಕಾರು ಹೆಂಗಸರು ಕೂತು ಹಾರ ಕಟ್ಟುತ್ತಿದ್ದರು. ಮೈಲಮ್ಮ ಎಕ್ಕೆ ಎಲೆಯ ಪುಟ್ಟಿ ಚಾಚಿ, "ಹಿಡಿಯವ್ವ ಮದಿಮಗಳ, ದಾರ ಪೋಣಿಸ್ಕೊಂತೀನಿ," ಅಂದಳು.

ನಮ್ಮತ್ತೆ ಬೇಡ ಅನ್ನಲು ಬಾಯಿ ತೆರೆಯುತ್ತಿದ್ದಳು. ಅಷ್ಟರಲ್ಲಿ ಬೊಮ್ಮಮ್ಮ ಎರಡು ಹೆಜ್ಜೆ ಹಿಂದೆ ಸರಿದು, ಕೈ ಸೆರಗಿನೊಳಗೆ ಎಳೆದುಕೊಂಡಿದ್ದಳು.

"ನಿನಗ ಯಾರು ಹೇಳಿದ್ರವ್ವಾ?" ಅಂತ ನಮ್ಮತ್ತೆ ಕೇಳಿದಳು.

"ಯಾರೂ ಹೇಳಿಲ್ಲತ್ತಿ. ನಮ್ ತವ್ರಾಗೆ ಹುಟ್ಟಿದಾಗಿಂದ ಮುಟ್ಟಲ್ಲ. ಮುಟ್ಟಿದ್ರೆ ನಮ್ಮಜ್ಜಿ ಹೊಡೀತಿದ್ಲು."

ಮೈಲಮ್ಮನ ಪುಟ್ಟಿ ಗಾಳಿಯಲ್ಲಿ ಹಂಗೇ ನಿಂತಿತ್ತು. ನಮ್ಮತ್ತೆ ದೇವರಿಗೆ ಕೈ ಮುಗಿಯದೆ ಹೊರಟು ಬಂದಳು. ನಾವು ಮನೆ ಮುಟ್ಟುವ ಮೊದಲೇ ಆ ಮಾತು ಎರ್ರೆಪ್ಪಜ್ಜನ ಮನೆ ಮುಟ್ಟಿತ್ತು. ಮೈಲಮ್ಮ ಹೇಳಿದಳೋ, ಇನ್ನೊಬ್ಬಳೋ. ಹೇಳದೆ ಇರುವ ಮಾತಲ್ಲ ಅದು.

ಎರ್ರೆಪ್ಪಜ್ಜ ಇಬ್ಬರನ್ನು ಹರಪನಹಳ್ಳಿ ಕಡೆಗೆ ಕಳಿಸಿದ. ಅವರು ಬೊಮ್ಮಮ್ಮನ ಅಜ್ಜಿಯನ್ನು ಕೇಳಿಕೊಂಡು ಬಂದರು. ಅವರ ಹಿರೀಕರು ಎಷ್ಟೋ ತಲೆಮಾರಿನ ಹಿಂದೆ ಕೂಡ್ಲಿಗಿ ಕಡೆಯಿಂದ ಪಾಳೇಗಾರರ ದಂಡಿಗೆ ಹೋದವರಂತೆ. ಆ ಕಡೆಯ ಜನ ದಂಡಿನೋರು ಅಂತ ಕರೆದರು, ಹೆಸರು ಅದೇ ನಿಂತಿತು, ಎಕ್ಕಿಯೋರು ಅನ್ನುವ ಹಳೆಯ ಹೆಸರು ಮರೆತುಹೋಯಿತು. ಎಕ್ಕೆ ಮಾತ್ರ ಮರೆಯಲಿಲ್ಲ.

ಕಟ್ಟೆಗೆ ಕರೆದರು. ನಾವು ಅಕ್ಷರ ಕಲಿಯುತ್ತಿದ್ದ ಅದೇ ಕಟ್ಟೆ. ಪಕ್ಕೀರಪ್ಪ ಕೆಳಗೆ ನಿಂತಿದ್ದ, ಬೊಮ್ಮಮ್ಮ ನನ್ನ ಬೆನ್ನ ಹಿಂದೆ.

"ಹೆಣ್ಣನ್ನ ಅವರ ಮನಿಗೆ ಕಳಸು. ಕಳಸಿ ತಲಿಮ್ಯಾಲೆ ನೀರು ಹಾಕ್ಕೋ. ನಿನಗ ಬ್ಯಾರೆ ಹೆಣ್ಣು ನಾನ ತರ್ತೀನಿ," ಅಂದ ಎರ್ರೆಪ್ಪಜ್ಜ. ದನಿ ಏರಿಸಲಿಲ್ಲ, ಅವನು ಏರಿಸುವವನಲ್ಲ.

"ಅಜ್ಜಾ, ಯಾವ ಕಾಲದಾಗೋ ಹೋದೋರು. ಗುರುತಿಲ್ಲ, ಪರಿಚಯ ಇಲ್ಲ. ಆಕಿ ನನಗ ಹೆಂಗ ತಂಗಿ ಆಕ್ಕಾಳ?"

"ಅದನ್ನ ನಮಗ ಕಲಿಸಿದೋನು ನೀನ. ಮುಖ ಬ್ಯಾರೆ ಇದ್ರೂ ಬೇರು ಒಂದ ಅಂದಿ. ಎಷ್ಟು ದೂರ ಹೋದ್ರೂ ಬೇರು ಬಿಡಂಗಿಲ್ಲ ಅಂದಿ. ಈ ಹೆಂಗಸರನ್ನ ಕೇಳು, ಬಾಯಾಗ ಐತಿ ಅವರಿಗೆ."

ಪಕ್ಕೀರಪ್ಪ ನಮ್ಮ ಕಡೆ ನೋಡಿದ. ಒಬ್ಬಳೂ ತಲೆ ಎತ್ತಲಿಲ್ಲ.

"ಅದು ಓದಾಕ ಹಗೂರ ಆಗ್ಲಿ ಅಂತ ನಾ ಇಟ್ಟ ಹೆಸರಜ್ಜ. ಅವು ಮಾತು. ನಾವು ಮನುಷ್ಯಾರು."

"ಆ ಹೆಸರು ಎಲ್ಲಿಂದ ತಗಂಡಿ? ನಮ್ಮದ ತಗಂಡಿ. ನಮ್ಮದು ಖರೇ ಐತಿ ಅಂತ ತಗಂಡ್ಯೋ, ಸುಳ್ಳು ಅಂತ ತಗಂಡ್ಯೋ?"

ಪಕ್ಕೀರಪ್ಪ ನನ್ನ ಬೆನ್ನ ಹಿಂದಿದ್ದ ಬೊಮ್ಮಮ್ಮನ ಕಡೆ ನೋಡಿ, "ಕಳಸಂಗಿಲ್ಲ," ಅಂದ. ಅಷ್ಟೇ.

ಹೊರಗೆ ಹಾಕಿದರು. ಅವನಿಗೆ ಬೆಂಕಿ ಕೊಡಬಾರದು, ನೀರು ಕೊಡಬಾರದು, ಸತ್ತರೆ ಹೆಗಲು ಕೊಡಬಾರದು. ಕೊಟ್ಟವರ ಮನೆಗೂ ಅದೇ. ಇಬ್ಬರೂ ಒಂದು ಟ್ರಂಕು ಎತ್ತಿಕೊಂಡು ಕಾನಹೊಸಹಳ್ಳಿಗೆ ಹೋದರು. ಸಾಬರು ಅಂಗಡಿ ಹಿಂದಿನ ಕೋಣೆ ಬಿಟ್ಟುಕೊಟ್ಟರು. ಕಟ್ಟೆಯ ಮೇಲಿನ ಕಲಿಕೆ ನಿಂತಿತು. ಬೇರೆ ಯಾರೂ ಕಲಿಸಲು ಬರಲಿಲ್ಲ. ಹೆಂಗಸರು ಬೆಡಗು ಕೂಡಿಸುವ ಆಟ ಬಿಟ್ಟರು. ಮೈಲಮ್ಮ ಕೂಡ.

ನಾನು ಹೋಗುತ್ತಿದ್ದೆ. ಸಂತೆಯ ದಿನ ಎಲ್ಲರೂ ಕಾನಹೊಸಹಳ್ಳಿಗೆ ಹೋಗುವವರೇ, ಯಾರು ಯಾರನ್ನು ನೋಡುತ್ತಾರೆ. ಬೊಮ್ಮಮ್ಮ ಅಷ್ಟು ಸಣ್ಣ ಕೋಣೆಯನ್ನು ಸಾರಿಸಿ ಕನ್ನಡಿ ಮಾಡಿ ಇಟ್ಟಿದ್ದಳು. ಅವನು ಅವಳಿಗೆ ಓದಲು ಕಲಿಸುತ್ತಿದ್ದ. ಗೋಡೆಗೆ ಸೀಮೆಸುಣ್ಣದಲ್ಲಿ ಬರೆದಿರುತ್ತಿತ್ತು. ಗುಂಪು ಮಾಡಿ ಬರೆಯುತ್ತಿರಲಿಲ್ಲ. ಒಂದೊಂದೇ ಮಾತು, ದೂರ ದೂರ.

"ಹಿಂಗ್ಯಾಕ ಕಲಸ್ತಿ? ನಮಗ ಹಂಗ ಕಲಸಿದ್ದಿ," ಅಂದೆ.

"ಆಕಿ ಹಿಂಗ ಕಲೀಲಿ ಅತ್ತಿಗಿ," ಅಂದ.

ಬೊಮ್ಮಮ್ಮನಿಗೆ ತಿಂಗಳು ತುಂಬಿತು. ನೋವು ಶುರುವಾದಾಗ ಸಾಬರು ನನಗೆ ಹೇಳಿ ಕಳಿಸಿದರು. ನಾನು ನೇರ ಸುಂಕಮ್ಮನ ಮನೆಗೆ ಹೋದೆ. ಸುತ್ತಲಿನ ನಾಲ್ಕು ಊರಿಗೆ ಅವಳ ಕೈಯೇ.

"ಬಂದ್ರ ನನ್ನ ಮನಿ ಬಾಗಲಾನೂ ಮುಚ್ತಾರವ್ವ. ನನ್ನ ಮಗಳ ಮದಿವಿ ಮುಂದ ಐತಿ," ಅಂದಳು. ನಿಲ್ಲಲಿಲ್ಲ, ಒಳಗೆ ಹೋಗಿ ಒಂದು ಹಿಡಿ ಔಷಧಿ ಬೇರು ತಂದು ನನ್ನ ಸೆರಗಿಗೆ ಕಟ್ಟಿದಳು. "ಇದನ್ನ ಅರದು ಕುಡಸು. ಮಗ ಅಡ್ಡ ಇದ್ರ ಕೂಡ್ಲಿಗಿಗೆ ಒಯ್ರಿ, ತಡ ಮಾಡಬ್ಯಾಡ್ರಿ."

ಮಗು ಅಡ್ಡವಿರಲಿಲ್ಲ. ನಾನೂ ಸಾಬರ ಹೆಂಡತಿಯೂ ಹೆಣ್ಣು ಕೂಸನ್ನು ತೆಗೆದೆವು. ಬೊಮ್ಮಮ್ಮ ಕೂಸಿನ ಮುಖ ನೋಡಿ ಕೂದಲು ಎಷ್ಟು ಅಂದಳು. ಆಮೇಲೆ ರಕ್ತ ನಿಲ್ಲಲಿಲ್ಲ. ಕೂಸನ್ನೂ ಎತ್ತಿಕೊಂಡು ಟೆಂಪೋ ಹಿಡಿದು ಹೆದ್ದಾರಿಗೆ ಬಿದ್ದೆವು. ಕೂಡ್ಲಿಗಿ ಇನ್ನೂ ಕಾಣುವ ಮೊದಲೇ ಅವಳ ಕೈ ನನ್ನ ಕೈಯಲ್ಲಿ ತಣ್ಣಗಾಯಿತು. ಪಕ್ಕೀರಪ್ಪ ಮುಂದೆ ಡ್ರೈವರನ ಪಕ್ಕ ಕೂತು ಬೇಗ ಬೇಗ ಅನ್ನುತ್ತಲೇ ಇದ್ದ. ಹೇಳಬೇಕಾದವಳು ನಾನು.

ಹೆಣ ತಿರುಗಿಸಿಕೊಂಡು ಊರಿಗೇ ಬಂದೆವು. ಅವಳನ್ನು ನಮ್ಮ ಜನದ ಮಣ್ಣಿನಲ್ಲಿ ಇಡಬೇಕು ಅನ್ನುವುದೊಂದೇ ಅವನಿಗೆ. ನಮ್ಮ ಓಣಿಯ ಬಾವಿ ಹತ್ತಿರವೇ ಜನ ಟೆಂಪೋ ನಿಲ್ಲಿಸಿದರು. ಎರ್ರೆಪ್ಪಜ್ಜ ಬಂದ. ಹೆಣದ ಮುಖ ನೋಡಿ ಅವನ ಕಣ್ಣಲ್ಲೂ ನೀರು ಬಂತು, ಅದನ್ನು ನಾನು ಕಂಡಿದ್ದೇನೆ, ಇಲ್ಲ ಅನ್ನುವುದಿಲ್ಲ. ಆದರೂ ಅಂದ.

"ಇಡೋಣ. ಹೆಗಲೂ ಕೊಡ್ತೀವಿ, ಮಣ್ಣೂ ಕೊಡ್ತೀವಿ. ಕೂಸನ್ನೂ ಒಳಗ ತಗಂತೀವಿ, ನಾಳೆ ಅದಕ್ಕ ಕುಲ ಬೇಕು. ನೀನು ಒಂದ ಮಾತು ಹೇಳು, ಎಲ್ಲಾರ ಮುಂದ. ಈಕಿ ನನ್ನ ತಂಗಿ ಅಂತ."

ಕೂಸು ನನ್ನ ತೊಡೆಯ ಮೇಲೆ ಅಳುತ್ತಿತ್ತು. ಹಾಲಿಲ್ಲ, ಹಾಲು ಕೊಡಬಲ್ಲ ಬಾಣಂತಿ ನಮ್ಮ ಓಣಿಯಲ್ಲೇ ಇದ್ದಾಳೆ, ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೆ, ಹೊರಗೆ ಬರುವಂತಿಲ್ಲ. ಪಕ್ಕೀರಪ್ಪ ಆ ಬಾಗಿಲ ಕಡೆ ನೋಡಿದ.

"ತಂಗಿ," ಅಂದ.

"ಪೂರಾ ಹೇಳಪ್ಪ."

"ಬೊಮ್ಮಮ್ಮ ನನ್ನ ತಂಗಿ."

ಬಾಗಿಲಲ್ಲಿ ನಿಂತವಳು ಓಡಿ ಬಂದು ಕೂಸನ್ನು ಎದೆಗೆ ಹಾಕಿಕೊಂಡಳು.

ಹೆಣ್ಣು ಸತ್ತರೆ ತವರಿನಿಂದ ಸೀರೆ ಬರಬೇಕು, ಅದನ್ನು ಅಣ್ಣ ತಮ್ಮ ಹೊದಿಸಬೇಕು. ಅಣ್ಣ ಅಂದ ಮೇಲೆ ಅದೂ ಅವನ ಪಾಲಿಗೇ ಬಂತು. ನನ್ನ ಹೊಸ ಸೀರೆ ಒಂದನ್ನು ಕೊಟ್ಟೆ, ಹೊದಿಸಿದ. ಕುಂಕುಮ ಇಡುವ ಹೊತ್ತಿಗೆ ಯಾರೋ, ಗಂಡ ಇಲ್ಲದ ಹೆಣ್ಣಿಗೆ ಯಾಕೆ ಅಂದರು. ನಮ್ಮತ್ತೆ ಒಂದು ಮಾತೂ ಆಡದೆ ಹೋಗಿ, ಹಣೆ ತುಂಬ ಕುಂಕುಮ ಇಟ್ಟು, ಕೈ ತುಂಬ ಹಸಿರು ಬಳೆ ಇಟ್ಟು ಬಂದಳು. ಅವಳ ಮುಖ ನೋಡಿ ಯಾರೂ ತಡೆಯಲಿಲ್ಲ.

ಕೂಸಿಗೆ ಗೀತಾ ಅಂತ ಹೆಸರಿಟ್ಟು ನಾನು ಸಾಕಿದೆ. ಪಕ್ಕೀರಪ್ಪ ಮನೆಗೆ ಮರಳಿದ, ಅಂಗಡಿಗೆ ಹೋಗಿ ಬಂದು ಮಾಡಿದ. ಮತ್ತೆ ಲಗ್ನವಾಗಲಿಲ್ಲ. ಓದುವುದು ಬಿಟ್ಟ, ಮಿರ್ಚಿ ಪೇಪರು ಉಂಡೆ ಮಾಡಿ ಎಸೆಯುತ್ತಿದ್ದ.

ತಂಗಿಯ ಮಗಳು ಅಂದ ಮೇಲೆ ಅವನು ಮಾವನೇ. ಕೂಸು ಮಾತು ಕಲಿಯುವಾಗ ಓಣಿಯವರು, "ನೋಡವ್ವ, ಮಾವ ಬಂದ," ಅಂತ ತೋರಿಸಿ ಕಲಿಸಿದರು. ನನ್ನನ್ನು ದೊಡ್ಡವ್ವ ಅನ್ನಬೇಕಾದವಳು ಅತ್ತೀ ಅಂದಳು. ಅಣ್ಣ ಆಗಬೇಕಾದ ನನ್ನ ಮಗ ವೆಂಕಟೇಶ ಅವಳಿಗೆ ಮಾವನ ಮಗನಾದ. ಒಂದು ಮಾತು ತಿರುಗಿಸಿದರೆ ಅದರ ಹಿಂದಿನವೆಲ್ಲ ತಿರುಗಿ ನಿಲ್ಲುತ್ತವೆ. ಅವಳು ಮಾವಾ ಅಂದರೆ ಪಕ್ಕೀರಪ್ಪ ಹೂಂ ಅನ್ನುತ್ತಿದ್ದ. ತಡವಾಗಿ ಅನ್ನುತ್ತಿದ್ದ, ಬೇರೆ ಯಾರನ್ನೋ ಕರೆದರೇನೋ ಅನ್ನುವ ಹಾಗೆ.

ಹೀಗೆ ವರ್ಷಗಳು ಹೋದವು. ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಸೇರಿತು. ನಮ್ಮತ್ತೆ ಹೋದಳು, ಹಿಂದೆಯೇ ನಮ್ಮ ಮನೆಯವರೂ ಹೋದರು. ಗೀತಾ ಆರನೇತ್ತೆಗೆ ಬಂದಿದ್ದಳು.

ಒಂದು ದಿನ ಬೆಳಿಗ್ಗೆ ನೀರಿನ ಟ್ಯಾಂಕಿನ ಹತ್ತಿರ ಹೆಂಗಸರೆಲ್ಲ ಕೊಡ ಇಟ್ಟು ನಿಂತಿದ್ದೆವು. ಪಕ್ಕೀರಪ್ಪ ನಮ್ಮ ಕೊಡಗಳನ್ನು ಸೈಕಲ್ಲಿಗೆ ಕಟ್ಟುತ್ತಿದ್ದ, ಗೀತಾ ಹಗ್ಗ ಹಿಡಿದಿದ್ದಳು. ಎರ್ರೆಪ್ಪಜ್ಜನ ಮೊಮ್ಮಗನ ಹೆಂಡತಿ ಹೊಸದಾಗಿ ಬಂದವಳು, ಹಡಗಲಿ ಕಡೆಯವಳು, ನಗುಮುಖದ ಹುಡುಗಿ. ನಮ್ಮಲ್ಲಿ ಸೋದರಮಾವ ಅಂದರೆ ಚೇಷ್ಟೆ ಮಾಡುವುದು ಇದ್ದದ್ದೇ. ಅವಳಿಗೇನು ಗೊತ್ತು.

"ಏ ಗೀತಾ," ಅಂದಳು, "ನಿಮ್ಮಾವ ಇನ್ನೂ ಮದಿವಿ ಆಗಿಲ್ಲಲ್ಲ, ನಿನಗ ಕಾಯ್ಕೊಂತ ಕುಂತಾನೇನ? ಲಗೂನ ದೊಡ್ಡಾಕಿ ಆಗವ್ವ, ಕಟ್ಗಂಡು ಬಿಡ್ತಾನ."

ಗೀತಾ ನಾಚಿ, "ಹೋಗಕ್ಕ, ಮಾವಗ ಹಲ್ಲ ಬಿದ್ದಾವ," ಅಂತ ನಕ್ಕಳು. ಹೊಸ ಹುಡುಗಿಯೂ ನಕ್ಕಳು. ಬೇರೆ ಯಾರೂ ನಗಲಿಲ್ಲ. ಮೈಲಮ್ಮ ನಲ್ಲಿಯ ಕಡೆ ತಿರುಗಿ ನಿಂತಳು.

ಪಕ್ಕೀರಪ್ಪ ಕಟ್ಟಿದ ಕೊಡ ಬಿಚ್ಚಿ ಕೆಳಗಿಟ್ಟ. ಸೈಕಲ್ ಗೋಡೆಗೆ ಒರಗಿಸಿ ಎರ್ರೆಪ್ಪಜ್ಜನ ಮನೆಗೆ ನಡೆದ. ನಾನು ಹಿಂದೆಯೇ ಓಡಿದೆ. ಅಜ್ಜ ಪಡಸಾಲೆಯಲ್ಲಿ ಮಲಗಿದ್ದ, ಏಳಲು ಆಗುತ್ತಿರಲಿಲ್ಲ, ಕಿವಿ ಮಾತ್ರ ಗಟ್ಟಿ ಇತ್ತು.

"ಅಜ್ಜಾ, ಅವತ್ತು ನಾ ಹೇಳಿದ್ದು ಸುಳ್ಳು. ಬೊಮ್ಮಿ ನನ್ನ ಹೆಂಡ್ತಿ. ಗೀತಾ ನನ್ನ ಮಗಳು. ಕಟ್ಟಿ ಮ್ಯಾಲೆ ಎಲ್ಲಾರನ್ನೂ ಕರಸು, ಹೇಳ್ತೀನಿ."

ಅಜ್ಜ ಮುಖ ಈ ಕಡೆ ತಿರುಗಿಸಿದ. "ಕರಸ್ತೀನಿ. ಹೇಳು. ಹೇಳಿದ ಮ್ಯಾಲೆ ಆ ಹುಡುಗಿನ್ನ ಯಾರು ತಗಂತಾರ? ಒಂದ ಬೆಡಗಿನೋರಿಗೆ ಹುಟ್ಟಿದಾಕಿ ಅಂತ ಗೊತ್ತಾದ್ರ ಹರಪನಹಳ್ಳಿಯಿಂದ ಹಡಗಲಿತನ ಒಂದು ಮನಿ ಬಾಗಲಾ ತಗಿಯಂಗಿಲ್ಲ. ನಾ ಇನ್ನೆಷ್ಟು ದಿನ ಇರ್ತೀನಿ? ನೀನೂ ಹೋಕ್ಕಿ. ಆಕಿ ಇರ್ತಾಳ."

ಪಕ್ಕೀರಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕೂತ.

"ನೀ ಏನೂ ಹೇಳಿಲ್ಲ, ನಾ ಏನೂ ಕೇಳಿಲ್ಲ. ಮನಿಗೆ ಹೋಗು," ಅಂದ ಅಜ್ಜ.

ಅವನು ಮನೆಗೆ ಬರಲಿಲ್ಲ. ಆಗ ಅದಿರು ಲಾರಿಗಳ ಕಾಲ, ಹೆದ್ದಾರಿಯಲ್ಲಿ ಕೆಂಪು ಧೂಳು ಎಬ್ಬಿಸಿಕೊಂಡು ಓಡುತ್ತಿದ್ದವು. ಒಂದಕ್ಕೆ ಕೈ ಮಾಡಿ ಹತ್ತಿ ಹೊಸಪೇಟೆಗೆ ಹೋದ ಅಂತ ಸಾಬರು ಹೇಳಿದರು. ಅಲ್ಲಿ ಲಾರಿ ನಿಲ್ಲುವ ಕಡೆ ಟೈರಿನ ಕೆಲಸ ಹಿಡಿದ. ಇನ್ನು ಇಲ್ಲಿ ಇದ್ದರೆ ಆ ಚೇಷ್ಟೆಯನ್ನು ದಿನಾ ಕೇಳಬೇಕು, ಇಲ್ಲವೇ ಬಾಯಿ ಬಿಟ್ಟು ಮಗಳ ಬಾಳು ಕೆಡಿಸಬೇಕು.

ಗೀತಾ ಬಿಡಲಿಲ್ಲ. ಮಾವ ಯಾಕೆ ಹೋದ, ನಾನು ಹಲ್ಲಿನ ಮಾತಾಡಿದ್ದಕ್ಕಾ ಅಂತ ಅತ್ತಳು, ಉಣ್ಣಲಿಲ್ಲ. ತನ್ನ ತಪ್ಪು ಅಂತ ಮಗು ಕೊರಗುವುದನ್ನು ನೋಡಲಾಗದೆ ಹಿತ್ತಲಿಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಇಲ್ಲಿ ಬರೆದಷ್ಟೂ ಹೇಳಿದೆ. ಅವಳು ಅಳು ನಿಲ್ಲಿಸಿ ಕೇಳಿದಳು. ಮುಗಿದ ಮೇಲೆ ಕಡ್ಡಿಯಿಂದ ನೆಲ ಕೆರೆದಳು.

"ನನಗ ಹೇಳೀನಿ ಅಂತ ಮಾವಗ ಹೇಳಬ್ಯಾಡತ್ತಿ," ಅಂದಳು.

ಎರಡು ಸಲ ಅವಳನ್ನು ಹೊಸಪೇಟೆಗೆ ಕರೆದುಕೊಂಡು ಹೋದೆ. ಅವನು ಮಿಠಾಯಿ ಕೊಡಿಸಿದ, ಶಾಲೆಯ ಸುದ್ದಿ ಕೇಳಿದ. ಅವಳು ಮಾವಾ ಮಾವಾ ಅಂತಲೇ ಮಾತಾಡಿದಳು, ಮೊದಲಿಗಿಂತ ಹೆಚ್ಚು ಸಲ ಅಂದಳು. ಗೊತ್ತಿದೆ ಅಂತ ಒಂದು ಕೂದಲಷ್ಟೂ ತೋರಿಸಲಿಲ್ಲ.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಅವನು ಕೆಲಸದಲ್ಲೇ ಕುಸಿದು ಬಿದ್ದನಂತೆ. ಹೆಣ ಲಾರಿಯಲ್ಲಿ ಬಂತು. ಅಷ್ಟು ಹೊತ್ತಿಗೆ ಎರ್ರೆಪ್ಪಜ್ಜ ಇರಲಿಲ್ಲ, ಅವನ ಮಗ ಯಜಮಾನಿಕೆ ಮಾಡುತ್ತಿದ್ದ. ಗುಂಡಿಯ ಹತ್ತಿರ ನಿಂತು, "ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ಮೊದಲ ಮಣ್ಣು ಅಣ್ಣನ ಮಗ ಹಾಕ್ಲಿ," ಅಂದ.

ಗೀತಾ ನನ್ನ ಪಕ್ಕದಲ್ಲೇ ಇದ್ದಳು. ಅವಳ ಉಗುರು ನನ್ನ ಅಂಗೈಗೆ ನಾಟಿತ್ತು. ನಾನು ಅವಳ ಮುಖ ನೋಡಿದೆ, ನೀನು ಹೂಂ ಅಂದರೆ ನಾನೇ ಹೇಳುತ್ತೇನೆ ಅನ್ನುವ ಹಾಗೆ. ಅವಳು ಇಲ್ಲ ಅಂತ ತಲೆ ಅಲ್ಲಾಡಿಸಿದಳು. ವೆಂಕಟೇಶ ಮಣ್ಣು ಹಾಕಿದ. ಆಮೇಲೆ ಬಳಗದವರು, ಆಮೇಲೆ ಓಣಿಯವರು, ಸಾಬರು. ಸರದಿ ಬಂದಾಗ ಅವಳೂ ಒಂದು ಹಿಡಿ ಹಾಕಿ, ಕೈ ಒರೆಸಿಕೊಂಡು ಹೆಂಗಸರ ಹಿಂದೆ ಬಂದು ನಿಂತಳು.